ಟಾರ್ಚ್ ಹೆತ್ತವರ ಕೈಯಲ್ಲಿ, ಟವರ್ ಪೊಲೀಸರ ಕೈಯಲ್ಲಿ

ಹತ್ತೊಂಬತ್ತು ವರ್ಷದ ಹುಡುಗ. ಕಾಲೇಜಿನ ವರ್ಷ ಮುಗಿಯಿತೆಂದು ರಾತ್ರಿ ಗೆಳೆಯರ ಜೊತೆ ಹೋದವನು ಬೆಳಗಾದರೂ ಮನೆಗೆ ಬಂದಿಲ್ಲ. ಇದರಲ್ಲಿ ಗಾಬರಿಬೀಳುವಂಥದ್ದೇನಿದೆ? ಈ ವಯಸ್ಸಿನ ಹುಡುಗರು ಹೀಗೇ ಅಲ್ಲವೇ? ಅಮೆರಿಕದ ಮಿನೆಸೋಟ ರಾಜ್ಯದಲ್ಲಿ 2008ರ ಮೇ 14ರ ಬೆಳಿಗ್ಗೆ ಆರೂವರೆಗೆ ಪೊಲೀಸರಿಗೆ ಫೋನ್ ಮಾಡಿದ ತಾಯಿಯೊಬ್ಬಳಿಗೆ ಸಿಕ್ಕ ಉತ್ತರದ ಸಾರ ಇದು. ಮಾತು ಕೇಳುವುದಕ್ಕೆ ಎಷ್ಟು ಸಮಾಧಾನದ್ದಾಗಿದೆ ನೋಡಿ. ಲೋಕಾನುಭವ ಉಳ್ಳ ಹಿರಿಯರೊಬ್ಬರು ಬೆನ್ನು ತಟ್ಟಿ ಹೇಳಿದ ಹಾಗಿದೆ. ಆ ಹುಡುಗ ಇವತ್ತಿಗೂ ಸಿಕ್ಕಿಲ್ಲ.

ನಡೆದದ್ದು ಇಷ್ಟು. ಕ್ಯಾನ್‌ಬಿ ಎಂಬ ಊರಿನಿಂದ ಮಾರ್ಷಲ್‌ನಲ್ಲಿದ್ದ ತನ್ನ ಮನೆಗೆ ಅವನು ಒಬ್ಬನೇ ಕಾರಿನಲ್ಲಿ ಹೊರಟಿದ್ದ. ಐವತ್ತು ಕಿಲೋಮೀಟರಿನಷ್ಟು ದಾರಿ. ಹೆದ್ದಾರಿ ಬಿಟ್ಟು ಹೊಲಗಳ ನಡುವಿನ ಜಲ್ಲಿ ರಸ್ತೆ ಹಿಡಿದ. ಕಾರು ಚರಂಡಿಗೆ ಇಳಿಯಿತು. ಮೈಗೆ ಏಟಾಗಲಿಲ್ಲ. ರಾತ್ರಿ ಎರಡು ಗಂಟೆಗೆ ಸ್ವಲ್ಪ ಮುಂಚೆ ಮನೆಗೆ ಫೋನ್ ಮಾಡಿ, ಲಿಂಡ್ ಊರಿನ ಹತ್ತಿರ ಇದ್ದೇನೆ, ಬಂದು ಕರೆದುಕೊಂಡು ಹೋಗಿ ಅಂದ. ಅಪ್ಪ ಅಮ್ಮ ಹೊರಟರು. ಹೇಳಿದ ಜಾಗಕ್ಕೆ ಹೋಗಿ ಹೆಡ್‌ಲೈಟ್ ಮಿಣುಕಿಸಿದರು, ಕಾಣ್ತಾ ಇದೆಯಾ ಎಂದು ಫೋನಿನಲ್ಲೇ ಕೇಳಿದರು. ಕಾಣಲಿಲ್ಲ. ಅವನೂ ತನ್ನ ಕಾರಿನ ದೀಪ ಮಿಣುಕಿಸಿದ. ಇವರಿಗೂ ಕಾಣಲಿಲ್ಲ. ಕೊನೆಗೆ ಅವನು ದೂರದಲ್ಲಿ ಕಂಡ ಊರಿನ ಬೆಳಕಿನ ಕಡೆಗೆ ನಡೆದುಬರುತ್ತೇನೆಂದು ಹೊರಟ. ಅಪ್ಪ ಫೋನ್ ಇಡಲಿಲ್ಲ. ಸುಮಾರು 47 ನಿಮಿಷದ ಮಾತು. ನಡುವೆ ಮಗನ ಬಾಯಿಂದ ಒಂದು ಉದ್ಗಾರ ಬಂತು. ಅಲ್ಲಿಗೆ ಸಂಪರ್ಕ ಕಡಿಯಿತು.

ಮುಂದೆ ಮೊಬೈಲ್ ಟವರಿನ ದಾಖಲೆ ತೆಗೆಸಿದಾಗ ಗೊತ್ತಾದದ್ದೇ ಬೇರೆ. ಅವನು ಲಿಂಡ್ ಹತ್ತಿರ ಇರಲೇ ಇಲ್ಲ. ಕಾರು ಸಿಕ್ಕಿದ್ದು ಟಾಂಟನ್ ಎಂಬ ಊರಿನ ಬಳಿ, ಅವನು ಹೇಳಿದ ಜಾಗದಿಂದ ಸುಮಾರು 40 ಕಿಲೋಮೀಟರ್ ಆಚೆ. ಹುಡುಗ ಸುಳ್ಳು ಹೇಳಿರಲಿಲ್ಲ, ಕತ್ತಲಲ್ಲಿ ದಿಕ್ಕು ತಪ್ಪಿದ್ದ. ಹೆತ್ತವರು ರಾತ್ರಿಯಿಡೀ ಮಗ ಇಲ್ಲದ ಕಡೆ ಮಗನನ್ನು ಹುಡುಕಿದ್ದರು.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಕಾಣೆಯಾದವರನ್ನು ಹುಡುಕಲು ಮನೆಯವರ ಹತ್ತಿರ ಇರುವುದು ಟಾರ್ಚು, ಕಾರು, ಗೆಳೆಯರ ಫೋನ್ ನಂಬರು, ದೇವರಿಗೆ ಕಟ್ಟಿಟ್ಟ ಹರಕೆ. ಮೊಬೈಲ್ ಕೊನೆಗೆ ಯಾವ ಟವರಿಗೆ ಸಿಕ್ಕಿತ್ತು ಎಂಬ ಮಾಹಿತಿ ಅವರ ಕೈಗೆಟುಕುವುದಿಲ್ಲ. ಕಂಪನಿ ಅದನ್ನು ಅಪ್ಪನಿಗೂ ಕೊಡುವುದಿಲ್ಲ, ಕೊಡಲೂಬಾರದು. ಅದನ್ನು ಕೇಳಿ ಪಡೆಯುವ ಅಧಿಕಾರ ಇರುವುದು ಪೊಲೀಸರಿಗೆ. ಹೀಗಿರುವಾಗ, ಇನ್ನೊಂದು ದಿನ ಕಾದು ನೋಡಿ ಅನ್ನುವ ಪೊಲೀಸ್ ಅಧಿಕಾರಿ ಬರೀ ಸಲಹೆ ಕೊಡುತ್ತಿಲ್ಲ. ಹುಡುಕಾಟದ ಒಂದೇ ಒಂದು ಕಣ್ಣನ್ನು ತನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದಾನೆ.

ಬೆಳಿಗ್ಗೆಯ ಆ ಕೆಲವು ಗಂಟೆ ಉಳಿದಿದ್ದರೆ ಹುಡುಗ ಬದುಕುತ್ತಿದ್ದನೇ? ಹೇಳಲಾಗದು. ವಾಸನೆ ಹಿಡಿದ ನಾಯಿಗಳು ಯೆಲ್ಲೋ ಮೆಡಿಸಿನ್ ನದಿಯ ತನಕ ಹೋಗಿದ್ದವು. ಅವನು ಆ ರಾತ್ರಿಯೇ ನೀರು ಪಾಲಾಗಿದ್ದರೂ ಆಗಿರಬಹುದು. ಆದರೆ ಫೋನ್ ಎತ್ತಿಕೊಂಡ ಪೊಲೀಸರಿಗೂ ಅದು ಗೊತ್ತಿರಲಿಲ್ಲವಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವರಂತೆ ಹೇಳಿದ್ದೇ ತಪ್ಪು. ಹಾವು ಕಚ್ಚಿದವನನ್ನು ಎದುರಿಗಿಟ್ಟುಕೊಂಡು, ಕೇರೆಹಾವೇ ಇರಬೇಕು, ನಾಳೆ ನೋಡೋಣ ಅನ್ನುವ ವೈದ್ಯರನ್ನು ನಾವು ಅನುಭವಿ ಅನ್ನುವುದಿಲ್ಲ.

ಆ ತಂದೆತಾಯಿ ಸುಮ್ಮನೆ ಕೂರಲಿಲ್ಲ. ಮರುವರ್ಷ ಮಿನೆಸೋಟದ ಶಾಸನಸಭೆ ಅವರ ಮಗನ ಹೆಸರಿನಲ್ಲಿ ‘ಬ್ರ್ಯಾಂಡನ್ ಕಾಯ್ದೆ’ ಮಾಡಿತು. 2009ರ ಜುಲೈ 1ರಿಂದ ಅದು ಜಾರಿಗೆ ಬಂತು. ಆ ಕಾಯ್ದೆಯನ್ನು ಓದಿದರೆ ನಗು ಬರುತ್ತದೆ, ಆಮೇಲೆ ಸಂಕಟವಾಗುತ್ತದೆ. ಕಾಣೆಯಾದ ದೂರನ್ನು ತಡಮಾಡದೆ ತೆಗೆದುಕೊಳ್ಳಬೇಕು ಎನ್ನುವುದು ಅದರ ಮೊದಲ ಮಾತು. ಅದಾದ ಮೇಲೆ ಯಾವ ಯಾವ ಕಾರಣ ಹೇಳಿ ದೂರನ್ನು ತಳ್ಳಿಹಾಕಬಾರದು ಎಂಬ ಪಟ್ಟಿ. ವಯಸ್ಕ ಎಂದು ಹೇಳಬಾರದು. ಅಪರಾಧದ ಸುಳಿವಿಲ್ಲ ಎನ್ನಬಾರದು. ಕಾಣೆಯಾಗಿ ಸ್ವಲ್ಪ ಹೊತ್ತಾಯಿತಷ್ಟೇ ಎನ್ನಬಾರದು. ತುಂಬ ದಿನವಾಯಿತು ಎಂದೂ ಎನ್ನಬಾರದು. ನಮ್ಮ ಸರಹದ್ದಲ್ಲ ಎನ್ನಬಾರದು. ತಾನಾಗಿಯೇ ಹೋಗಿರಬಹುದು ಎನ್ನಬಾರದು. ನೀವು ಅವರಿಗೆ ಏನಾಗಬೇಕು ಎಂದು ಕೇಳಿ ವಾಪಸು ಕಳಿಸಬಾರದು. ಠಾಣೆಯ ಬೆಂಚಿನ ಮೇಲೆ ಒಂದು ವರ್ಷ ಕೂತು ಬರೆದುಕೊಂಡ ನೆಪಗಳ ಪಂಚಾಂಗ ಇದು. ಇಷ್ಟು ಬಿಡಿಸಿ ಬಿಡಿಸಿ ಬರೆಯಬೇಕಾಯಿತು ಅನ್ನುವುದೇ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಕಿಂಡಿಯಿಂದ ನೆಪ ಒಳಗೆ ಬರುತ್ತದೆ ಎಂಬುದಕ್ಕೆ ಸಾಕ್ಷಿ.

ಅಮೆರಿಕದಲ್ಲಿ ಇಂಥ ಕಾನೂನುಗಳ ಚರಿತ್ರೆ ಎಂದರೆ ಕಾಣೆಯಾದ ಎಳೆಯರ ಚರಿತ್ರೆಯೇ. 1946ರ ಡಿಸೆಂಬರ್ 1ರಂದು ವರ್ಮಾಂಟ್ ರಾಜ್ಯದ ಬೆನಿಂಗ್ಟನ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಬೆಟ್ಟದ ದಾರಿಯಲ್ಲಿ ನಡೆಯಲೆಂದು ಹೋದವಳು ಮರಳಲಿಲ್ಲ. ಹುಡುಕಲು ಆ ರಾಜ್ಯಕ್ಕೆ ತನ್ನದೇ ಆದ ಪೊಲೀಸ್ ಪಡೆ ಇರಲಿಲ್ಲ, ಹೊರರಾಜ್ಯದವರನ್ನು ಕರೆಸಬೇಕಾಯಿತು. ಆ ನಾಚಿಕೆಯ ನಂತರ, 1947ರಲ್ಲಿ, ವರ್ಮಾಂಟ್ ರಾಜ್ಯ ಪೊಲೀಸ್ ಹುಟ್ಟಿತು. 1998ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕಾಣೆಯಾದಳು. ಅವಳ ಹೆಸರಿನಲ್ಲಿ 2003ರಲ್ಲಿ ಬಂದ ‘ಸುಝಾನ್ ಕಾಯ್ದೆ’ ತಕ್ಷಣ ರಾಷ್ಟ್ರೀಯ ದಾಖಲೆಗೆ ಸೇರಿಸಬೇಕಾದವರ ವಯಸ್ಸಿನ ಮಿತಿಯನ್ನು 18ರಿಂದ 21ಕ್ಕೆ ಏರಿಸಿತು. 2007ರಲ್ಲಿ ಕಾನ್ಸಸ್‌ನ ಹದಿನೆಂಟರ ಹುಡುಗಿಯೊಬ್ಬಳನ್ನು ಅಂಗಡಿಯ ಎದುರಿನಿಂದ ಅಪಹರಿಸಲಾಯಿತು. ಅವಳ ಫೋನ್ ಎಲ್ಲಿದೆ ಎಂದು ಹೇಳಲು ಮೊಬೈಲ್ ಕಂಪನಿ ನಾಲ್ಕು ದಿನ ತೆಗೆದುಕೊಂಡಿತು. ಹೇಳಿದ ಮೇಲೆ ಶವ ಸಿಗಲು 45 ನಿಮಿಷ ಸಾಕಾಯಿತು. ನಾಲ್ಕು ದಿನ ಮತ್ತು 45 ನಿಮಿಷ: ನನ್ನ ಇಡೀ ವಾದ ಈ ಎರಡು ಅಂಕಿಗಳ ನಡುವೆ ಇದೆ. ಅವಳ ಹೆಸರಿನಲ್ಲೂ 2009ರಲ್ಲಿ ಕಾಯ್ದೆ ಬಂತು. ಒಂದೊಂದು ಕಲಮಿಗೂ ಒಂದೊಂದು ಮನೆಯ ಮಗುವನ್ನು ಬೆಲೆ ಕೊಟ್ಟು ಕಲಿಯುವ ವಿದ್ಯೆ ಇದು.

ನಾವು ಅಷ್ಟಾದರೂ ಕಲಿತಿದ್ದೇವೆಯೇ? ಮಕ್ಕಳ ವಿಚಾರದಲ್ಲಿ ಒಂದಿಷ್ಟು ಕಲಿತೆವು. ಬಚಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮಗು ಕಾಣೆಯಾದ ದೂರು ಬಂದರೆ ಅಪಹರಣವೋ ಸಾಗಾಟವೋ ಎಂದೇ ಮೊದಲು ಭಾವಿಸಿ ಎಫ್‌ಐಆರ್ ದಾಖಲಿಸಬೇಕು ಎಂದಿತು. ಆದರೆ ಹದಿನೆಂಟು ತುಂಬಿದ ಮರುದಿನ ಆ ರಕ್ಷೆ ಕಳಚಿಬೀಳುತ್ತದೆ. ಪಿಯುಸಿ ಓದುವ ತಂಗಿ ಕಾಣೆಯಾದರೆ ಅದು ಅಪಹರಣ. ಡಿಗ್ರಿ ಓದುವ ಅಕ್ಕ ಕಾಣೆಯಾದರೆ ಅದು ‘ಯಾರ ಜೊತೆಗೋ ಹೋಗಿರ್ತಾಳೆ ಬಿಡ್ರಿ’. ಅಣ್ಣನಾದರೆ ‘ಗೋವಾಕ್ಕೆ ಹೋಗಿರ್ತಾನೆ, ದುಡ್ಡು ಮುಗಿದ ಮೇಲೆ ಬರ್ತಾನೆ’.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಲ್ಲಿ ಝೀರೋ ಎಫ್‌ಐಆರ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ನಿಜ. ಆದರೆ ಆ ಬಾಗಿಲು ತೆರೆಯುವುದು ಗಂಭೀರ ಅಪರಾಧದ ಮಾಹಿತಿ ಇದ್ದಾಗ. ವಯಸ್ಕನೊಬ್ಬ ಮನೆಗೆ ಬಾರದಿರುವುದು ತನ್ನಷ್ಟಕ್ಕೆ ಅಪರಾಧವಲ್ಲ. ‘ಮ್ಯಾನ್ ಮಿಸ್ಸಿಂಗ್’, ‘ವುಮನ್ ಮಿಸ್ಸಿಂಗ್’ ಎಂದು ನಮ್ಮ ಠಾಣೆಗಳು ಬರೆದುಕೊಳ್ಳುವುದುಂಟು. ಯಾವಾಗ ಬರೆದುಕೊಳ್ಳುತ್ತಾರೆ, ಬರೆದುಕೊಂಡ ಮೊದಲ ಗಂಟೆಯಲ್ಲಿ ಏನು ಮಾಡುತ್ತಾರೆ ಎಂಬುದೇ ಪ್ರಶ್ನೆ. ಹಾಸನದ ಹುಡುಗನೊಬ್ಬ ಬೈಕಿನಲ್ಲಿ ಚಾರ್ಮಾಡಿ ಘಾಟಿ ಇಳಿಯುತ್ತಾ ಕಾಣೆಯಾದ ಎಂದು ಇಟ್ಟುಕೊಳ್ಳಿ. ಮನೆ ಹಾಸನದಲ್ಲಿ, ಘಾಟಿಯ ಮೇಲ್ಭಾಗ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಕೆಳಭಾಗ ದಕ್ಷಿಣ ಕನ್ನಡದಲ್ಲಿ. ಮಳೆ, ಮಂಜು, ಸಿಗ್ನಲ್ ಇಲ್ಲ. ಅಪ್ಪ ಮೂರು ಜಿಲ್ಲೆಯ ಮೆಟ್ಟಿಲು ಹತ್ತಿಳಿದು ಮುಗಿಸುವಷ್ಟರಲ್ಲಿ ಕಮರಿಯಲ್ಲಿ ಬಿದ್ದವನ ಗತಿ ಏನು?

ಸರಹದ್ದಿನ ಈ ಜಗ್ಗಾಟ ಕಲ್ಪನೆಯ ಮಾತಲ್ಲ. 2019ರ ನವೆಂಬರಿನಲ್ಲಿ ಹೈದರಾಬಾದ್ ಹೊರವಲಯದ ಟೋಲ್ ಗೇಟ್ ಬಳಿ ಪಶುವೈದ್ಯೆ ಕಾಣೆಯಾದ ರಾತ್ರಿ, ಆ ಮನೆಯವರು ಒಂದು ಠಾಣೆಯಿಂದ ಇನ್ನೊಂದಕ್ಕೆ ಅಲೆದರು. ವಿಳಂಬಕ್ಕಾಗಿ ಮೂವರು ಪೊಲೀಸರು ಅಮಾನತಾದರು. ಕೆಲವೇ ದಿನಗಳಲ್ಲಿ ಅವಳ ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಹೂಮಳೆ ಸುರಿಸಿದರು. ಅದು ಅಸಲಿ ಎನ್‌ಕೌಂಟರ್ ಆಗಿರಲಿಲ್ಲ ಎಂದು ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ 2022ರಲ್ಲಿ ಹೇಳಿತು. ಹೂ ಎಸೆದವರಿಗೆ ಬೇಕಾಗಿದ್ದು ಗುಂಡಿನ ಸದ್ದು. ಆ ಹೆಣ್ಣುಮಗಳಿಗೆ ಬೇಕಾಗಿದ್ದು ದೂರು ಬರೆದುಕೊಳ್ಳುವ ಒಂದು ಪೆನ್ನು.

ಇನ್ನು ಎದುರುವಾದಕ್ಕೆ ಬರುತ್ತೇನೆ. ಗಟ್ಟಿಯಾದ ಎದುರುವಾದ ಒಂದೇ ಇದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ವಯಸ್ಕರಿಗೆ ಹೇಳದೆ ಹೋಗುವ ಹಕ್ಕಿದೆ. ನಮ್ಮ ನಾಡಿನಲ್ಲಂತೂ ಈ ಹಕ್ಕು ಬಹಳ ಹೆಣ್ಣುಮಕ್ಕಳಿಗೆ ಪ್ರಾಣದ ಪ್ರಶ್ನೆ. ಬೇರೆ ಜಾತಿಯವನನ್ನು ಮೆಚ್ಚಿ ಮನೆ ಬಿಟ್ಟವಳನ್ನು ಹುಡುಕಿಕೊಡಿ ಎಂದು ಬರುವ ಅಪ್ಪ ಅಣ್ಣಂದಿರ ಕಣ್ಣಲ್ಲಿ ಯಾವಾಗಲೂ ನೀರೇ ಇರುತ್ತದೆ ಎಂದೇನಿಲ್ಲ. ಕೇರಳದ ಹಾದಿಯಾ ಪ್ರಕರಣ ನೆನಪಿರಬಹುದು. ಇಪ್ಪತ್ತನಾಲ್ಕರ ಕಾಲೇಜು ವಿದ್ಯಾರ್ಥಿನಿಯ ಮದುವೆಯನ್ನು 2017ರಲ್ಲಿ ಹೈಕೋರ್ಟ್ ರದ್ದುಮಾಡಿ ತಂದೆಯ ಮನೆಗೆ ಕಳಿಸಿತು. ಅವಳ ಆಯ್ಕೆ ಅವಳದ್ದೇ ಎಂದು ಸುಪ್ರೀಂ ಕೋರ್ಟ್ ಹೇಳಲು 2018ರ ಮಾರ್ಚ್ ಬರಬೇಕಾಯಿತು. ಪೊಲೀಸರು ಇನ್ನಷ್ಟು ಚುರುಕಾಗಲಿ ಅನ್ನುವವರು, ಆ ಚುರುಕುತನ ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ ಎಂದೂ ಯೋಚಿಸಬೇಕು.

ಯೋಚಿಸಿಯೇ ಹೇಳುತ್ತೇನೆ: ಹುಡುಕುವುದು ಬೇರೆ, ಹಿಡಿದು ತರುವುದು ಬೇರೆ. ಇವೆರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ದೇ ನಮ್ಮ ಎಲ್ಲ ಗೊಂದಲಕ್ಕೂ ಮೂಲ. ಹುಡುಕಬೇಕು, ತಕ್ಷಣ ಹುಡುಕಬೇಕು. ಸಿಕ್ಕ ಮೇಲೆ ವಯಸ್ಕಳ ಮಾತೇ ಕೊನೆ. ಕ್ಷೇಮವಾಗಿದ್ದಾಳೆ, ಎಲ್ಲಿದ್ದಾಳೆಂದು ಹೇಳಲು ಅವಳಿಗೆ ಇಷ್ಟವಿಲ್ಲ ಎಂದು ಮನೆಯವರಿಗೆ ತಿಳಿಸಿ ಕಡತ ಮುಚ್ಚಲಿ. ಟವರಿನ ಮಾಹಿತಿ ಠಾಣೆಯ ಗೋಡೆ ದಾಟಿ ಅಣ್ಣನ ವಾಟ್ಸ್‌ಆ್ಯಪ್‌ಗೆ ಹೋದರೆ ಕಳಿಸಿದವನ ಮೇಲೆ ಕ್ರಮವಾಗಲಿ. ಈಗ ನಡೆಯುತ್ತಿರುವುದು ಇದರ ತಿರುಗುಮುರುಗು. ತಾನಾಗಿ ಹೋದವಳನ್ನು ಪಕ್ಕದ ರಾಜ್ಯದವರೆಗೂ ಬೆನ್ನಟ್ಟುತ್ತೇವೆ, ಯಾಕೆಂದರೆ ಅಲ್ಲಿ ಮನೆತನದ ಮಾನ ಇದೆ, ಫೋನ್ ಮಾಡಿ ಹೇಳುವ ಶಾಸಕರಿದ್ದಾರೆ. ದಾರಿಯಲ್ಲಿ ಬಿದ್ದವನಿಗಾಗಿ ನಾಳೆ ಬನ್ನಿ ಅನ್ನುತ್ತೇವೆ, ಯಾಕೆಂದರೆ ಅವನ ಹಿಂದೆ ಇರುವುದು ಬರೀ ಒಬ್ಬ ಅಮ್ಮ.

ಸಿಬ್ಬಂದಿ ಎಲ್ಲಿಂದ ತರುವುದು, ಹೆಚ್ಚಿನವರು ತಾವಾಗಿಯೇ ಮರಳುತ್ತಾರಲ್ಲ ಎಂಬ ಮಾತೂ ಇದೆ. ಮರಳಲಿ, ಸಂತೋಷ. ಮೊದಲ ಗಂಟೆಯಲ್ಲಿ ಡ್ರೋನು, ನಾಯಿ, ದೋಣಿ ಬೇಕೆಂದು ಯಾರೂ ಕೇಳುತ್ತಿಲ್ಲ. ಯಾವ ಠಾಣೆಗೆ ಬಂದರೂ ದೂರು ಬರೆದುಕೊಳ್ಳಬೇಕು. ಕೊನೆಯ ಟವರ್ ಯಾವುದೆಂದು ಆಗಲೇ ಕೇಳಿಸಬೇಕು. ದಾರಿಯ ಮೇಲಿನ ಠಾಣೆ, ಟೋಲ್ ಗೇಟು, ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು. ದೂರು ನಿರಾಕರಿಸುವುದಾದರೆ ಕಾರಣ ಬರೆದು ಸಹಿ ಹಾಕಿ ಕೊಡಬೇಕು. ಈ ಕೊನೆಯದೊಂದನ್ನು ಕರ್ನಾಟಕದಲ್ಲಿ ಕಡ್ಡಾಯ ಮಾಡಿದರೂ ಸಾಕು, ಅರ್ಧ ನೆಪಗಳು ಬಾಯಿಂದ ಹೊರಡುವುದೇ ಇಲ್ಲ. ಬಾಯಲ್ಲಿ ಸುಲಭವಾಗಿ ಬರುವ ‘ಬರ್ತಾನೆ ಬಿಡಿ’ ಎಂಬ ಮಾತಿಗೆ ಸಹಿ ಹಾಕಲು ಎಂಥವರ ಕೈಯೂ ನಡುಗುತ್ತದೆ.

ಮಿನೆಸೋಟದಲ್ಲಿ ವರ್ಷ ವರ್ಷವೂ ಹುಡುಕಾಟ ನಡೆದದ್ದು ಬೇಸಾಯದ ಲೆಕ್ಕದಲ್ಲಿ: ಕಟಾವು ಮುಗಿದ ಮೇಲೆ, ಬಿತ್ತನೆಗೆ ಮುಂಚೆ, ಹೊಲ ಬರಿದಾಗಿದ್ದಾಗ. ನಮ್ಮಲ್ಲಿ ಹುಡುಕಾಟ ಬಂದು ನಿಲ್ಲುವುದು ಪತ್ರಿಕೆಯ ಮೂಲೆಯ ‘ಕಾಣೆಯಾಗಿದ್ದಾರೆ’ ಚೌಕದಲ್ಲಿ. ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾನೆ. ಆ ಚೌಕ ಅಚ್ಚಾಗುವ ಹೊತ್ತಿಗೆ ಮೊದಲ ಗಂಟೆ ಮುಗಿದು ಎಷ್ಟೋ ಕಾಲವಾಗಿರುತ್ತದೆ.

ಇವತ್ತು ರಾತ್ರಿಯೂ ಯಾವುದೋ ಠಾಣೆಯ ಬಾಗಿಲಲ್ಲಿ ಒಬ್ಬ ಅಪ್ಪ ಮಗನ ಫೋಟೊ ಹಿಡಿದು ನಿಂತಿರುತ್ತಾನೆ. ಒಳಗಿರುವವರು ಅವನಿಗೆ ಕೇಳುವ ಮೊದಲ ಪ್ರಶ್ನೆಯ ಮೇಲೆಯೇ ಎಲ್ಲ ನಿಂತಿದೆ. ಈಗ ಕೇಳುತ್ತಿರುವುದು, ‘ಲವ್ ಗಿವ್ ಏನಾದ್ರೂ ಇತ್ತಾ?’ ಕೇಳಬೇಕಾದ್ದು, ‘ಮೊಬೈಲ್ ನಂಬರ್ ಹೇಳಿ.’