ಕಡೆಯ ಯಾತ್ರೆಯೂ ಕೃತಕ ಬುದ್ಧಿಯೂ

ಮೆಜೆಸ್ಟಿಕ್ ಎಂಬ ಚಿತ್ರಮಂದಿರ ಇಂದು ಇಲ್ಲ; ಅದರ ಹೆಸರು ಮಾತ್ರ ಸುತ್ತಲಿನ ಪ್ರದೇಶಕ್ಕೆಲ್ಲ ಅಂಟಿಕೊಂಡು ಉಳಿದಿದೆ. ಧರ್ಮಾಂಬುಧಿ ಕೆರೆಯೂ ಇಲ್ಲ. ಅದರ ಅಂಗಳದಲ್ಲಿ ಬಸ್ಸುಗಳು ನಿಂತಿವೆ. ಟ್ಯಾಂಕ್ ಬಂಡ್ ರಸ್ತೆಯೆಂಬ ಹೆಸರೊಂದೇ ಅಲ್ಲಿ ಏರಿಯಿತ್ತೆಂಬುದನ್ನು ನೆನಪಿಗೆ ತರುತ್ತದೆ. ಮನುಷ್ಯರ ವಿಷಯದಲ್ಲಿಯೂ ಹಾಗೆಯೇ. ಇದ್ದವರು ಹೋದ ಮೇಲೆ ಉಳಿಯುವುದು ಹೆಸರು. ಅದನ್ನು ತಪ್ಪಿಲ್ಲದೆ ಬರೆದು, ತಪ್ಪಿಲ್ಲದೆ ಕರೆದು, ಅವರನ್ನು ಕಳುಹಿಸಿಕೊಡುವುದು ಉಳಿದವರ ಮೊದಲ ಕರ್ತವ್ಯ. ಈ ಮಾತನ್ನು ಇಂದು ಎತ್ತುವುದಕ್ಕೆ ಕಾರಣವೊಂದಿದೆ.

ಮೆಜೆಸ್ಟಿಕ್ಕಿನ ಹಿಂಬದಿಯ ಓಣಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಂಗಡಿಯಿದೆ. ಅವನ ತಂದೆಯ ಕಾಲದಲ್ಲಿ ಅಲ್ಲಿ ಬಿದಿರು, ಮಡಕೆ, ಬಿಳಿಯ ಬಟ್ಟೆ, ಹೂವಿನ ಹಾರಗಳು ದೊರೆಯುತ್ತಿದ್ದುವು. ಈಗ ಶವವಾಹನ, ಫ್ರೀಜರ್ ಪೆಟ್ಟಿಗೆ, ಪುರೋಹಿತರು, ಚಿತಾಗಾರದ ಸರದಿ, ಪತ್ರಿಕೆಗೆ ನಿಧನವಾರ್ತೆ, ಮರಣಪತ್ರದ ಓಡಾಟ, ಎಲ್ಲಕ್ಕೂ ಅಲ್ಲಿಗೊಂದು ಫೋನು ಮಾಡಿದರೆ ಸಾಕು. ಕಳೆದ ತಿಂಗಳು ಆತ ಮನೆಗೆ ಬಂದು, “ಮೇಷ್ಟ್ರೇ, ರಾತ್ರಿ ಹೊತ್ತು ಬರುವ ಫೋನುಗಳಿಗೆ ಉತ್ತರ ಹೇಳುವುದಕ್ಕೂ ಶ್ರದ್ಧಾಂಜಲಿಯ ಒಕ್ಕಣೆ ಬರೆಯುವುದಕ್ಕೂ ಕೃತಕ ಬುದ್ಧಿಮತ್ತೆಯ ಏರ್ಪಾಡು ಮಾಡಿಕೊಳ್ಳಬೇಕೆಂದಿದ್ದೇನೆ. ಅದರ ಕನ್ನಡ ಸರಿಯಾಗಿದೆಯೇ ಎಂದು ತಾವು ನೋಡಿಕೊಡಬೇಕು” ಎಂದ.

ನೋಡಿದೆ. ಕನ್ನಡ ತಕ್ಕಮಟ್ಟಿಗೆ ಶುದ್ಧವಾಗಿಯೇ ಇತ್ತು, ಅಶುದ್ಧವಾದದ್ದು ಬೇರೆಯದು. ಪರೀಕ್ಷೆಗೆಂದು ನಾವೇ ಒಂದು ಕಲ್ಪಿತ ವಿವರ ಕೊಟ್ಟೆವು: ಲಿಂಗಾಯತ ಮನೆತನದ ಹಿರಿಯರು, ಎಂಬತ್ತು ವಯಸ್ಸು, ಮಕ್ಕಳು ಮೂವರು. ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಯಂತ್ರ ಅಂದವಾದ ಒಕ್ಕಣೆಯನ್ನು ಬರೆದುಕೊಟ್ಟಿತು. ಹಿರಿಯರು “ವೈಕುಂಠವಾಸಿಗಳಾದರು” ಎಂದೂ, ಮೂರನೆಯ ದಿನ “ಅಸ್ಥಿಸಂಚಯನ”ವೆಂದೂ ಅದರಲ್ಲಿತ್ತು. ಲಿಂಗಾಯತರು ಮೃತರನ್ನು ಕುಳ್ಳಿರಿಸಿ ಸಮಾಧಿ ಮಾಡುವವರು; ಅವರಲ್ಲಿ ದಹನವಿಲ್ಲ, ಅಸ್ಥಿಯನ್ನು ಆಯುವ ಮಾತೆಲ್ಲಿಯದು? ಹಿರಿಯರು ಹೋದದ್ದನ್ನು ಅವರು ಲಿಂಗೈಕ್ಯವೆನ್ನುವರು, ಶಿವೈಕ್ಯವೆನ್ನುವರು. ವ್ಯಾಕರಣದ ದೃಷ್ಟಿಯಿಂದ ಆ ಒಕ್ಕಣೆಯಲ್ಲಿ ಒಂದು ದೋಷವೂ ಇರಲಿಲ್ಲ. ಆದರೆ ಅದು ಅಚ್ಚಾಗಿದ್ದರೆ ಆ ಮನೆಯವರು ಅಂಗಡಿಯ ಮೆಟ್ಟಿಲನ್ನು ಮತ್ತೆ ತುಳಿಯುತ್ತಿರಲಿಲ್ಲ.

ಸಾವಿಗೆ ನಮ್ಮ ನುಡಿಯಲ್ಲಿರುವಷ್ಟು ಮಾತುಗಳು ಬೇರೆ ಯಾವ ಸಂಗತಿಗೂ ಇಲ್ಲವೇನೋ. ತೀರಿಕೊಂಡರು, ಕಾಲವಾದರು, ದೈವಾಧೀನರಾದರು, ಹರಿಪಾದ ಸೇರಿದರು, ಪ್ರಭುವಿನಲ್ಲಿ ನಿದ್ರಿಸಿದರು—ಒಂದೊಂದು ಮಾತಿನ ಹಿಂದೆಯೂ ಒಂದೊಂದು ನಂಬಿಕೆ, ಒಂದೊಂದು ಮನೆತನದ ನಡೆ ಇದೆ. ಕರ್ಮದ ಹೆಸರುಗಳೂ ಹಾಗೆಯೇ: ವೈಕುಂಠ ಸಮಾರಾಧನೆ ಒಂದು ಮನೆಯದು, ಶಿವಗಣಾರಾಧನೆ ಇನ್ನೊಂದರದು, ಹಾಲು–ತುಪ್ಪ ಮತ್ತೊಂದರದು. ಕೃತಕ ಬುದ್ಧಿಯ ಯಂತ್ರವಾದರೋ ಅಪಾರವಾದ ಬರೆಹವನ್ನು ಅರೆದು ಕುಡಿದು, ಯಾವ ಮಾತಿನ ಬಳಿಕ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಎಣಿಸಿ ಹೇಳುವಂಥದು. ಹೆಚ್ಚಾಗಿ ಬರೆಯಲ್ಪಟ್ಟ ಪದ್ಧತಿಯೇ ಅದಕ್ಕೆ ಎಲ್ಲರ ಪದ್ಧತಿ. ಬರೆಹದಲ್ಲಿ ಕಡಮೆ ಕಾಣಿಸಿಕೊಂಡ ಮನೆತನಗಳ ಆಚಾರ ಅದರ ಲೆಕ್ಕದಲ್ಲಿ ತೆಳುವಾಗಿಬಿಡುತ್ತದೆ. ಕೇಳಿ ತಿಳಿಯುವ ಬದಲು ಊಹಿಸಿ ಹೇಳುವ ಗುಣ ಬೇರೆ ಕಡೆ ಕೊರತೆಯಷ್ಟೆ. ಸಾವಿನ ಮನೆಯಲ್ಲಿ ಅದು ಅಪಚಾರ.

ಇದು ಕನ್ನಡದ ಸಂಕಟ ಮಾತ್ರವೆಂದು ವಾಚಕರು ಭಾವಿಸಬೇಕಾಗಿಲ್ಲ. ಇಂಗ್ಲಿಷಿನ ಭಂಡಾರವೆಲ್ಲ ಯಂತ್ರದ ಹೊಟ್ಟೆಯಲ್ಲಿದ್ದರೂ, 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಬ್ರ್ಯಾಂಡನ್ ಹಂಟರ್ ನಲವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಮೈಕ್ರೋಸಾಫ್ಟಿನ ಎಂಎಸ್‌ಎನ್ ಸುದ್ದಿತಾಣದಲ್ಲಿ ಪ್ರಕಟವಾದ ನಿಧನವಾರ್ತೆಯ ತಲೆಬರೆಹ ಆತ “ನಲವತ್ತೆರಡರಲ್ಲಿ ನಿರುಪಯುಕ್ತ” ಎಂಬ ಅರ್ಥ ಕೊಡುವಂತಿತ್ತು. ಅದು ಯಂತ್ರ ಹೆಣೆದ ಬರೆಹವೆಂದು ಎಲ್ಲೆಡೆ ಟೀಕೆಯಾಯಿತು. ವಾರ್ತೆಯನ್ನು ತೆಗೆದುಹಾಕಿದರು, ನಿಜ. ಆದರೆ ಅದನ್ನು ಓದಿದ ಮನೆಯವರ ಕಣ್ಣಿನಿಂದ ತೆಗೆಯುವುದು ಹೇಗೆ?

ಮಾತಿನ ತಪ್ಪಿಗಿಂತಲೂ ಘೋರವಾದದ್ದು ಗುರುತಿನ ತಪ್ಪು. ಅದಕ್ಕೆ ಯಂತ್ರವೇ ಬೇಕೆಂದಿಲ್ಲ. ನಮ್ಮ ನಗರವೇ ಸಾಕ್ಷಿ. 2020ರ ಜುಲೈಯಲ್ಲಿ ಕೋವಿಡ್‌ನಿಂದ ತೀರಿಕೊಂಡ ಇಬ್ಬರ ದೇಹಗಳು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಶವಾಗಾರದಲ್ಲಿ ಉಳಿದುಹೋಗಿ, 2021ರ ನವೆಂಬರಿನಲ್ಲಿ ಪತ್ತೆಯಾದುವು. ಅಂತ್ಯಸಂಸ್ಕಾರ ಮುಗಿದಿದೆಯೆಂದೇ ಮನೆಯವರು ತಿಳಿದಿದ್ದರು. ಹದಿನೈದು ತಿಂಗಳಿಗೂ ಮಿಕ್ಕಿ ಅವರು ದುಃಖವನ್ನು ಅರಗಿಸಿಕೊಂಡದ್ದು ನಡೆಯದೆ ಇದ್ದ ಸಂಸ್ಕಾರವೊಂದನ್ನು ನಂಬಿ. ಮುಗಿಯಿತೆಂಬ ಮಾತೊಂದು ಹೊರಟುಬಿಟ್ಟರೆ ಅದನ್ನು ಹೋಗಿ ನೋಡುವವರು ಯಾರೂ ಇರುವುದಿಲ್ಲವೆಂಬುದು ಇದರ ಪಾಠ. ಯಂತ್ರ ಬಂದರೆ ಈ ಅಪಾಯ ತಾನಾಗಿ ಹೋಗುವುದೆಂದು ಕೆಲವರು ಹೇಳುವರು. ಹೋಗಬಹುದು, ಬೆಳೆಯಲೂ ಬಹುದು. ಮನುಷ್ಯನ ಮಾತನ್ನಾದರೆ ನಾವು ಅನುಮಾನಿಸುತ್ತೇವೆ. ಪರದೆಯ ಮೇಲೆ ಹಸುರು ಗುರುತು ಮೂಡಿತೆಂದರೆ ಅನುಮಾನವೂ ಮಲಗಿಬಿಡುತ್ತದೆ.

ಹೆಸರಿನ ಕಾಗುಣಿತವನ್ನೇ ನೋಡಿ. ಆಸ್ಪತ್ರೆಯ ಕಾಗದ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಯಂತ್ರ ಕನ್ನಡಕ್ಕೆ ತಿರುಗಿಸುವಾಗ ಕಾಳಮ್ಮನವರು ಕಲಮ್ಮನವರಾಗಬಹುದು, ಮಲ್ಲಮ್ಮನವರು ಮಾಲಮ್ಮನವರಾಗಬಹುದು. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಮರಣವನ್ನು ಇಪ್ಪತ್ತೊಂದು ದಿನಗಳೊಳಗೆ ತಿಳಿಸಬೇಕು. ತಪ್ಪು ಬಿದ್ದರೆ ತಿದ್ದುವ ಅವಕಾಶವೂ ಅದೇ ಕಾಯಿದೆಯಲ್ಲಿದೆ. ಅವಕಾಶವಿದೆಯೆಂಬುದು ದಿಟ, ಆದರೆ ಬ್ಯಾಂಕು, ವಿಮೆ, ಪಿಂಚಣಿ, ಖಾತೆ ಬದಲಾವಣೆಗಳೆಲ್ಲ ಆ ಒಂದು ಕಾಗದದ ಮೇಲೆ ನಿಂತಿರುವಾಗ, ಒಂದು ದೀರ್ಘಾಕ್ಷರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ವಿಧವೆಗೆ ಆ ಅವಕಾಶದ ಬೆಲೆ ಗೊತ್ತು.

ಮೂರನೆಯದು ಭರವಸೆಯ ತಪ್ಪು. 2022ರಲ್ಲಿ ಕೆನಡಾದಲ್ಲಿ ಅಜ್ಜಿಯನ್ನು ಕಳೆದುಕೊಂಡ ಒಬ್ಬಾತ, ಸಾವಿನ ಸಂದರ್ಭದ ರಿಯಾಯತಿ ದರದ ವಿಷಯವಾಗಿ ಏರ್ ಕೆನಡಾ ವಿಮಾನ ಸಂಸ್ಥೆಯ ಉತ್ತರಯಂತ್ರವನ್ನು ಕೇಳಿದ. ಮೊದಲು ಪೂರ್ಣ ದರ ಕೊಟ್ಟು ಆಮೇಲೆ ಅರ್ಜಿ ಹಾಕಿಕೊಳ್ಳಬಹುದೆಂದು ಯಂತ್ರ ಹೇಳಿತು. ಸಂಸ್ಥೆಯ ನಿಯಮದಲ್ಲಿ ಹಾಗಿರಲಿಲ್ಲ. ವ್ಯಾಜ್ಯ ನಡೆದಾಗ, ಯಂತ್ರವೇ ಬೇರೊಬ್ಬ ವ್ಯಕ್ತಿ, ಅದರ ಮಾತಿಗೆ ಅದೇ ಹೊಣೆ ಎಂಬಂತೆ ಸಂಸ್ಥೆ ವಾದಿಸಿತು. ಬ್ರಿಟಿಷ್ ಕೊಲಂಬಿಯದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಆ ವಾದವನ್ನು ತಳ್ಳಿಹಾಕಿ, ಎಂಟುನೂರು ಡಾಲರಿಗೂ ಮಿಕ್ಕ ಹಣವನ್ನು ಕೊಡಿಸಿತು. ಅಂಗಡಿಯಲ್ಲಿ ಯಾರು ಮಾತಾಡಿದರೂ ಮಾತು ಅಂಗಡಿಯವನದೇ. ದುಃಖದಲ್ಲಿರುವವನು ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ, ಹೇಳಿದ್ದನ್ನು ನಂಬುತ್ತಾನೆ. ನಂಬಿಸಿದವರು ತೀರಿಸಬೇಕು.

ನಾಲ್ಕನೆಯದು ಇನ್ನೂ ನಯವಾದದ್ದು: ಹೋದವರ ದನಿಯನ್ನು ಮರಳಿ ತರುವ ಆಸೆ. ಮೆಜೆಸ್ಟಿಕ್ ಸಿನಿಮಾದ ಬೀಡು. ಇಲ್ಲಿಯವರಿಗೆ ಇದು ಹೊಸತಲ್ಲ. 2021ರ ಅಕ್ಟೋಬರ್ 29ರಂದು ಅಗಲಿದ ಪುನೀತ್ ರಾಜ್‌ಕುಮಾರರ “ಜೇಮ್ಸ್” ಚಿತ್ರ ಮರುವರ್ಷ ಮಾರ್ಚಿಯಲ್ಲಿ ಸೋದರ ಶಿವರಾಜ್‌ಕುಮಾರರ ಕಂಠದಾನದೊಡನೆ ತೆರೆ ಕಂಡು, ಏಪ್ರಿಲಿನಲ್ಲಿ ತಂತ್ರಜ್ಞಾನದ ನೆರವಿನಿಂದ ಪುನೀತರದೇ ದನಿಯಲ್ಲಿ ಮತ್ತೆ ಬಂದಿತು. 2024ರಲ್ಲಿ ಎ. ಆರ್. ರೆಹಮಾನರು ತಮಿಳಿನ “ಲಾಲ್ ಸಲಾಮ್” ಚಿತ್ರದ ಹಾಡೊಂದಕ್ಕೆ ದಿವಂಗತ ಗಾಯಕರಿಬ್ಬರ ದನಿಯನ್ನು ಕೃತಕ ಬುದ್ಧಿಯಿಂದ ಪಡೆದಾಗ, ಅವರ ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಕೊಟ್ಟುದಾಗಿ ತಿಳಿಸಿದರು. ಅದೇ ವರ್ಷ, ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಕೇಳದೆಯೇ ಬಳಸಿದರೆಂದು ಅವರ ಮಗ ತೆಲುಗು ಚಿತ್ರವೊಂದರ ನಿರ್ಮಾಪಕರಿಗೆ ನೋಟೀಸು ಕೊಡಬೇಕಾಯಿತು. ದನಿಯನ್ನು ಅನುಕರಿಸುವ ಕೌಶಲ ಎರಡು ಕಡೆಯಲ್ಲಿಯೂ ಇತ್ತು. ಒಪ್ಪಿಗೆ ಕೇಳುವ ಸೌಜನ್ಯ ಒಂದು ಕಡೆ ಮಾತ್ರ. ನಾಳೆ ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದವರ ಮುಂದೆ ಹೋದ ತಾಯಿಯ ದನಿಯಲ್ಲಿ ಮಕ್ಕಳಿಗೆ ಹರಸುವ ಸೇವೆಯೂ ಮಾರಾಟಕ್ಕೆ ಬರಬಹುದು. ಒಬ್ಬ ಮಗನಿಗೆ ಅದು ಸಮಾಧಾನ, ಇನ್ನೊಬ್ಬ ಮಗಳಿಗೆ ಅದು ಇರಿತ. ಮನೆಯವರೆಲ್ಲ ಒಪ್ಪದೆ, ಹೋದವರು ಬದುಕಿದ್ದಾಗ ಒಪ್ಪದೆ, ಅದಕ್ಕೆ ಕೈಹಾಕಲಾಗದು.

ಹಾಗಾದರೆ ಯಂತ್ರ ಬೇಡವೇ? ಬೇಡವೆನ್ನುವಷ್ಟು ಹಟ ನನಗಿಲ್ಲ. 2021ರ ಮೇ ತಿಂಗಳ ಆರಂಭದ ದಿನಗಳನ್ನು ಬೆಂಗಳೂರಿನವರು ಮರೆಯುವಂತಿಲ್ಲ. ಸಾಗರ್, ಕಪಾಲಿಗಳ ಬಾಗಿಲಲ್ಲಿ ನಾವು ಹುಡುಗರಾಗಿದ್ದಾಗ ಕಂಡು ನಿರಾಶರಾಗುತ್ತಿದ್ದ “ಹೌಸ್ ಫುಲ್” ಎಂಬ ಫಲಕ ಚಾಮರಾಜಪೇಟೆಯ ಚಿತಾಗಾರದ ಬಾಗಿಲಲ್ಲಿ ನೇತಾಡಿತು. ಎಲ್ಲಿ ಎಷ್ಟು ಮಂದಿ ಕಾಯುತ್ತಿದ್ದಾರೆ, ಯಾವ ಚಿತಾಗಾರದಲ್ಲಿ ಒಲೆ ಕೆಟ್ಟಿದೆ, ಯಾವ ವಾಹನ ಎತ್ತ ಹೋಗಬೇಕು ಎಂಬುದನ್ನು ಕ್ಷಣಕ್ಷಣಕ್ಕೂ ಎಣಿಸಿ ಹೇಳುವ ಯಂತ್ರವೊಂದು ಅಂದು ಇದ್ದಿದ್ದರೆ, ಅಷ್ಟೊಂದು ಶವವಾಹನಗಳು ಬಿಸಿಲಿನಲ್ಲಿ ಸಾಲುಗಟ್ಟಿ ನಿಲ್ಲಬೇಕಾಗಿರಲಿಲ್ಲವೇನೋ. ಆ ಎಣಿಕೆಯಲ್ಲಿ ಒಂದು ತಪ್ಪಾದರೆ ಮರುಗಳಿಗೆ ತಿದ್ದಬಹುದು, ವಾಹನವನ್ನು ಹಿಂದಿರುಗಿಸಬಹುದು.

ನನ್ನ ವಿದ್ಯಾರ್ಥಿಗೆ ನಾನು ಹೇಳಿದುದರ ತಿರುಳು ಇಷ್ಟೆ. ತಪ್ಪುಗಳಲ್ಲಿ ಎರಡು ಜಾತಿ: ತಿದ್ದಲಾಗುವುವು, ತಿದ್ದಲಾಗದುವು. ಲೆಕ್ಕ, ಸರದಿ, ವಾಹನದ ದಾರಿ, ಸಾಮಾನಿನ ಪಟ್ಟಿ ಮೊದಲ ಜಾತಿಯವು. ಅವನ್ನು ಯಂತ್ರಕ್ಕೆ ಧಾರಾಳವಾಗಿ ಕೊಡು. ಬೆಂಕಿ ಕೊಟ್ಟ ಮೇಲೆ, ಮಣ್ಣು ಮುಚ್ಚಿದ ಮೇಲೆ, ಅಸ್ಥಿಯನ್ನು ನೀರಿಗೆ ಬಿಟ್ಟ ಮೇಲೆ ತಿದ್ದುವಂಥದೇನೂ ಉಳಿಯುವುದಿಲ್ಲ. ಅಂಥ ಪ್ರತಿಯೊಂದು ಹೆಜ್ಜೆಗೂ ಮುಂಚೆ ಒಬ್ಬ ಮನುಷ್ಯ ನಿಂತು, ಮನೆಯವರನ್ನು ಕೇಳಿ, ಹೆಸರನ್ನು ಗಟ್ಟಿಯಾಗಿ ಓದಿ, ತನ್ನ ರುಜು ಹಾಕಬೇಕು. ಆಚಾರವನ್ನು ಯಂತ್ರ ಊಹಿಸಕೂಡದು. ಮನೆಯ ಹಿರಿಯರು ಹೇಳಬೇಕು. ಒಕ್ಕಣೆಯನ್ನು ಯಂತ್ರ ಬರೆಯಲಿ, ಆದರೆ ಮನೆಯವರೊಬ್ಬರು ಓದಿ ಒಪ್ಪದೆ ಅಚ್ಚಿಗೆ ಹೋಗಬಾರದು. ಮಾತಾಡುತ್ತಿರುವುದು ಯಂತ್ರವೆಂಬುದನ್ನು ಮೊದಲ ವಾಕ್ಯದಲ್ಲೇ ತಿಳಿಸಬೇಕು. ಸಾವಿನ ಕಾರಣ, ಆಧಾರ್ ಸಂಖ್ಯೆ ಮುಂತಾದುವನ್ನು ಅದರ ಬಾಯಿಗೆ ಹಾಕಬಾರದು. ವ್ಯಕ್ತಿ ತೀರಿಕೊಂಡ ಮೇಲೆ ತನ್ನ ಮಾಹಿತಿಯ ಹಕ್ಕನ್ನು ಚಲಾಯಿಸಲು ಒಬ್ಬರನ್ನು ನೇಮಿಸಬಹುದೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೇ ಹೇಳುತ್ತದೆ. ಹೋದವರ ಗುಟ್ಟಿಗೂ ಮರ್ಯಾದೆಯುಂಟು.

ಇದನ್ನೆಲ್ಲ ನಾನು ಪುಸ್ತಕದಿಂದ ಕಲಿತದ್ದಲ್ಲ. ಅದೇ 2021ರ ಮೇ ತಿಂಗಳಿನಲ್ಲಿ ನನ್ನ ತಂದೆ ಹೋದರು. ಮರುದಿನ ಅಸ್ಥಿ ತರಲು ಹೋದಾಗ, ಕಟ್ಟೆಯ ಮೇಲೆ ಮಡಕೆಗಳು ಸಾಲಾಗಿದ್ದುವು. ಒಂದೊಂದಕ್ಕೂ ಒಂದೊಂದು ಚೀಟಿ. ನಾನು ಹೆಸರು ಓದಿ ಕೈಚಾಚಿದೆ. ಅಲ್ಲಿನ ಕೆಲಸದಾತ ನನ್ನನ್ನು ತಡೆದು, “ಚೀಟಿ ನೋಡಿ ಎತ್ಕೋಬೇಡಿ ಸ್ವಾಮಿ. ಅವರ ತಂದೆ ಹೆಸರು ಹೇಳಿ” ಎಂದ. ಹೇಳಿದೆ. ಆತ ತನ್ನ ಪುಸ್ತಕ ತಿರುವಿ, ಮೂರನೆಯ ಸಾಲಿನಿಂದ ಬೇರೊಂದು ಮಡಕೆಯನ್ನು ತಂದು ಕೈಗಿಟ್ಟ. ಅದೇ ಹೆಸರಿನವರು ಅಂದು ಇಬ್ಬರಿದ್ದರು. ಆ ಮನುಷ್ಯನ ಹೆಸರನ್ನು ನಾನು ಕೇಳಲಿಲ್ಲ. ಆ ಕೊರಗು ಇಂದಿಗೂ ಇದೆ. ನಾಲ್ಕಾರು ವಾರಗಳಲ್ಲಿ, ಕೇಳುವವರಿಲ್ಲದೆ ಉಳಿದ ನೂರಾರು ಮಂದಿಯ ಅಸ್ಥಿಯನ್ನು ಸರ್ಕಾರವೇ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟ ಸುದ್ದಿಯನ್ನೋದಿದಾಗ, ಆತನ ಪ್ರಶ್ನೆ ನನಗೆ ಮತ್ತೆ ಕೇಳಿಸಿತು.

ಹೋದ ವಾರ ಅಂಗಡಿಯ ಕಡೆ ಹೋಗಿದ್ದೆ. ಲೆಕ್ಕವನ್ನೂ ವಾಹನಗಳ ಸರದಿಯನ್ನೂ ಯಂತ್ರ ನೋಡಿಕೊಳ್ಳುತ್ತಿದೆ. ರಾತ್ರಿಯ ಫೋನಿಗೆ ಅದು “ಮೃತರ ವಿವರಗಳನ್ನು ತಿಳಿಸಿ” ಎಂದು ಮೊದಲಿಡುತ್ತಿತ್ತಂತೆ. ಅದನ್ನು ತೆಗೆದು ಫೋನನ್ನು ಆತ ತಾನೇ ಎತ್ತುತ್ತಿದ್ದಾನೆ. ನಾನು ಕುಳಿತಿರುವಾಗಲೇ ಒಂದು ಕರೆ ಬಂತು. ಸ್ವಲ್ಪ ಹೊತ್ತು ಸುಮ್ಮನೆ ಆಲಿಸಿ, ದನಿ ತಗ್ಗಿಸಿ ಆತ ಕೇಳಿದ: “ಅವರು ತಮಗೆ ಏನಾಗಬೇಕು?”