ನಮ್ಮ ಕಾಲಕೆಳಗಿನ ನೆಲ ನಿಂತಿಲ್ಲ

ಕಳೆದ ಭಾನುವಾರ ನಮ್ಮ ಡೊಂಬಿವಲಿಯ ಸೊಸೈಟಿಯಲ್ಲಿ ರೀಡೆವಲಪ್‌ಮೆಂಟ್ ಸಭೆ. ಕಾರ್ಪೆಟ್ ಏರಿಯಾ ಎಷ್ಟು, ಪಾರ್ಕಿಂಗ್ ಯಾರಿಗೆ ಎಂದು ಎರಡು ಗಂಟೆ ವಾದ ನಡೆಯಿತು. ಕೊನೆಗೆ ನಾನು, "ಹೊಸ ಕಟ್ಟಡ ಭೂಕಂಪ ತಡೆಯುತ್ತದೆಯೇ?" ಎಂದು ಕೇಳಿದೆ. "ಮುಂಬಯಿಯಲ್ಲಿ ಭೂಕಂಪ ಎಲ್ಲಿಂದ ಬರಬೇಕು ಕಾಕಾ?" ಎಂದು ಹುಡುಗನೊಬ್ಬ ನಕ್ಕ.

ನನಗೆ ಅಪ್ಪನ ನೆನಪಾಯಿತು. 1967ರ ಡಿಸೆಂಬರ್ 11, ಬೆಳಗಿನ ಜಾವ 4 ಗಂಟೆ 21 ನಿಮಿಷ. ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಅಪ್ಪ ಇಡ್ಲಿಗೆ ಒಲೆ ಹಚ್ಚುತ್ತಿದ್ದರಂತೆ. ಕಪ್ಪುಬಸಿಗಳು ತಾವಾಗಿಯೇ ಗಡಗಡಿಸಿದವು. ನೆಲ ನಡುಗಿದ್ದು ಇಲ್ಲಿಂದ ಸುಮಾರು 200 ಕಿ.ಮೀ. ದೂರದ ಕೊಯ್ನಾದಲ್ಲಿ. ಅಲ್ಲಿ 150ಕ್ಕೂ ಹೆಚ್ಚು ಜನ ಸತ್ತರು.

ಈಗ ನೆಲದ ಚಲನೆಯನ್ನು ಜಿಪಿಎಸ್‌ನಿಂದ ಅಳೆಯುತ್ತಾರೆ. ನಮ್ಮ ಪಕ್ಕದ ನವೀ ಪನ್ವೇಲಿನ ಭಾರತೀಯ ಭೂಕಾಂತತ್ವ ಸಂಸ್ಥೆಯಲ್ಲೂ ಈ ಅಧ್ಯಯನ ನಡೆಯುತ್ತದೆ. ರಿಕ್ಷಾದವನನ್ನು ಹಿಂದಿನ ಗಲ್ಲಿಗೆ ಕಳಿಸುವ ಮೊಬೈಲಿನ ಜಿಪಿಎಸ್ ಮಿಲಿಮೀಟರ್ ಅಳೆಯುವುದುಂಟೇ? ಉಪಗ್ರಹಗಳು ಅವೇ, ಅಳೆಯುವ ರೀತಿ ಬೇರೆ. ಬಂಡೆಗೆ ಬಿಗಿದ ಆಂಟೆನಾ ವರ್ಷಗಟ್ಟಲೆ ಒಂದೇ ಕಡೆ ಇರುತ್ತದೆ. ಸಂಕೇತವನ್ನು ಹೊತ್ತು ತರುವ ಸುಮಾರು 19 ಸೆಂ.ಮೀ. ಉದ್ದದ ಅಲೆಯ ಚೂರುಗಳನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ವಾತಾವರಣ ಮಾಡುವ ತಡವನ್ನು ಕಳೆದು, ಇಡೀ ದಿನದ ಅಳತೆಗಳನ್ನು ಒಟ್ಟುಗೂಡಿಸುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಕೇಂದ್ರ 1990ರ ದಶಕದಿಂದಲೂ ಇದೆ. ಆ ನೆಲ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ. ನಾನು ಮುಂಬಯಿಗೆ ಬಂದು 30 ವರ್ಷವಾಯಿತು. ಅಷ್ಟರಲ್ಲಿ ಈ ಊರು ಒಂದೂವರೆ ಮೀಟರ್ ಸರಿದಿದೆ, ಉಡುಪಿಯೂ ಹೆಚ್ಚುಕಡಿಮೆ ಅಷ್ಟೇ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಎಷ್ಟೇ ಓಡಿದರೂ ಎದುರು ಬರ್ತಿನವರು ನಮಗೆ ಅಷ್ಟೇ ದೂರದಲ್ಲಿರುತ್ತಾರಲ್ಲ, ಹಾಗೆ.

ತೊಂದರೆ ಇರುವುದು ಡಿಕ್ಕಿಯಾಗುವ ಕಡೆ. ಹಿಮಾಲಯದಲ್ಲಿ ಭಾರತಕ್ಕೂ ದಕ್ಷಿಣ ಟಿಬೆಟ್ಟಿಗೂ ನಡುವಿನ ದೂರ ವರ್ಷಕ್ಕೆ ಸುಮಾರು 2 ಸೆಂ.ಮೀ. ಕುಗ್ಗುತ್ತಿದೆ. ಬಂಡೆ ಜಾರದೆ ಸಿಕ್ಕಿಕೊಂಡಲ್ಲಿ ಆ ಒತ್ತಡ ಸಾಲದ ಬಡ್ಡಿಯಂತೆ ಬೆಳೆಯುತ್ತದೆ. 2015ರ ಏಪ್ರಿಲ್ 25ರಂದು ನೇಪಾಳ ಅದನ್ನು ತೀರಿಸಿತು. ಕಠ್ಮಂಡು ಸುತ್ತಲಿನ ನೆಲ ಕೆಲವೇ ಸೆಕೆಂಡುಗಳಲ್ಲಿ ಒಂದೂವರೆ ಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಜಿಗಿಯಿತು.

ಹಾಗೆಂದು ಬೋಗಿಯ ನಡುವೆ ಕುಳಿತ ನಾವು ನಿಶ್ಚಿಂತರಲ್ಲ. ಕೊಯ್ನಾದಲ್ಲಿ ಹಳೆಯ ಬಿರುಕಿನ ಬಿಗಿತವನ್ನು ಸಡಿಲಿಸಿದ್ದು ಜಲಾಶಯದ ನೀರು. ಅಂಥಲ್ಲಿ ನೆಲದ ಚಲನೆ ಬಹಳ ಸಣ್ಣದು. ಮೇಲಾಗಿ ಮಳೆಗಾಲದ ನೀರಿನ ಭಾರಕ್ಕೆ ನೆಲ ತುಸು ತಗ್ಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಈ ಏರಿಳಿತದಿಂದ ನಿಜವಾದ ಚಲನೆಯನ್ನು ಬೇರ್ಪಡಿಸಲು ಹಲವು ವರ್ಷಗಳ ತಾಳ್ಮೆ ಬೇಕು.

ಒತ್ತಡ ಎಲ್ಲಿ, ಎಷ್ಟು ಕೂಡುತ್ತಿದೆ ಎಂದು ಜಿಪಿಎಸ್ ಹೇಳಬಲ್ಲದು. ಭೂಕಂಪದ ತಾರೀಖನ್ನು ಹೇಳಲಾರದು. ತಾರೀಖು ಗೊತ್ತಿಲ್ಲದ ಮೇಲೆ ಕಂಬವೇ ಗಟ್ಟಿಯಿರಬೇಕು. ಸಭೆಯಲ್ಲಿ ಅಪ್ಪನ ಕಥೆ ಹೇಳಿದೆ. ನಕ್ಕ ಹುಡುಗನೇ, ಮುಂದಿನ ಸಲ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸೋಣ ಎಂದ. ನಿಮ್ಮ ಸೊಸೈಟಿಯಲ್ಲೂ ಒಮ್ಮೆ ಕೇಳಿ ನೋಡಿ.