ಯಾರ ಹಿತಕ್ಕೆ ಈ ಎರಡು ವರ್ಷ?

18 ದಾಟಿದ ಹುಡುಗನೊಬ್ಬನನ್ನು, ಅವನು ತಾನಾಗಿ ಆರಿಸಿಕೊಳ್ಳದ ದೇಶಕ್ಕೆ, ಎರಡು ವರ್ಷದ ಮಟ್ಟಿಗೆ ಧರ್ಮ ಹೇಳಲು ಕಳಿಸಿದರೆ ಅದರ ಫಲ ಉಣ್ಣುವವರು ಯಾರು? ಪ್ರಶ್ನೆ ಹಳೆಯದು. ಇವತ್ತು ಅದನ್ನು ಎಲ್ಲರಿಗಿಂತ ದೊಡ್ಡದಾಗಿ ನಮ್ಮೆದುರು ಇಟ್ಟಿರುವವರು ಮಾರ್ಮನ್ನರು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ ಸಾಲ್ಟ್ ಲೇಕ್ ಸಿಟಿಯಲ್ಲಿ ಬೇರುಬಿಟ್ಟ ಈ ಪಂಥದ 70 ಸಾವಿರಕ್ಕೂ ಹೆಚ್ಚು ಪೂರ್ಣಾವಧಿ ಪ್ರಚಾರಕರು ಜಗತ್ತಿನ ನಾನಾ ಕಡೆ ಇದ್ದಾರೆ, ಅವರಲ್ಲಿ ಬಹುಪಾಲು ಮೀಸೆ ಚಿಗುರುವ ವಯಸ್ಸಿನವರು. 2012ರಿಂದ ಹುಡುಗರು 18ಕ್ಕೆ ಹೊರಡಬಹುದು; ಆಗ 19 ಎಂದಿದ್ದ ಹುಡುಗಿಯರ ವಯಸ್ಸೂ 2025ರಲ್ಲಿ 18ಕ್ಕೆ ಇಳಿಯಿತು. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ 18 ತಿಂಗಳು. ಎಲ್ಲಿಗೆ ಎಂಬುದನ್ನು ತೀರ್ಮಾನಿಸುವುದು ಚರ್ಚು, ಖರ್ಚು ಬಹುಮಟ್ಟಿಗೆ ಮನೆಯವರದು. ಸಾಮಾನ್ಯವಾಗಿ ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ನಡುವೆ ಒಬ್ಬನೇ ಕುಳಿತು ಗ್ರಂಥ ಓದು, ಜೊತೆಗಾರನೊಡನೆ ಮತ್ತೊಮ್ಮೆ ಓದು, ಭಾಷೆಯ ಅಭ್ಯಾಸ, ಆಮೇಲೆ ಬಿಳಿ ಅಂಗಿಗೆ ಕಪ್ಪು ನಾಮಫಲಕ ಸಿಕ್ಕಿಸಿಕೊಂಡು ಬೀದಿಗೆ. ಜೊತೆಗಾರನನ್ನು ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಸಿನಿಮಾ ಇಲ್ಲ, ಪ್ರೇಮ ಇಲ್ಲ. ಬಟ್ಟೆ ಒಗೆದು, ದಿನಸಿ ತಂದು, ಮನೆಗೆ ಬರೆಯಲು ವಾರಕ್ಕೊಂದು ಬಿಡುವು. 2019ರ ಫೆಬ್ರುವರಿಯವರೆಗೆ ತಾಯಿಯ ದನಿ ಫೋನಿನಲ್ಲಿ ಕೇಳುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ. ಈಗ ವಾರಕ್ಕೊಮ್ಮೆ ಮಾತಾಡಬಹುದು. ಬೆಂಗಳೂರಿನಲ್ಲಿ ಇವರ ಮಿಷನ್ 1993ರಿಂದ ಇದೆ. ಭಾರತದ ಮೊದಲ ಮಾರ್ಮನ್ ದೇವಾಲಯವೂ ಬೆಂಗಳೂರಿಗೇ ಎಂದು 2018ರಲ್ಲಿ ಘೋಷಣೆಯಾಗಿ, 2020ರ ಡಿಸೆಂಬರ್‌ನಲ್ಲಿ ಗುದ್ದಲಿಯೂ ಬಿತ್ತು.

ಈ ದಿನಚರಿಯಲ್ಲಿ ಶ್ರದ್ಧೆಯ ಕೊರತೆ ಯಾರಿಗೂ ಕಾಣಲಾರದು. ಕಾಣದಿರುವುದು ಊರು. ಬ್ರೆಜಿಲ್‌ಗೂ ಫಿಲಿಪ್ಪೀನ್ಸ್‌ಗೂ ಬೆಂಗಳೂರಿಗೂ ಹೆಚ್ಚುಕಮ್ಮಿ ಒಂದೇ ಪಟ್ಟಿ ಸಾಕಾಗುತ್ತದೆ ಎಂದ ಮೇಲೆ, ಅದನ್ನು ಬರೆದವರ ಕಣ್ಣು ಹೋಗುವ ಜಾಗದ ಮೇಲಿರಲಿಲ್ಲ, ಹೋಗುವ ಹುಡುಗನ ಮೇಲಿತ್ತು ಎಂದೇ ಅರ್ಥ. ಇದನ್ನು ಹಾಸನ ಜಿಲ್ಲೆಯ ಸಕಲೇಶಪುರ, ಆಲೂರಿನ ಕಾಫಿ ಗುಡ್ಡಸೀಮೆಯ ಮೇಲಿಟ್ಟು ನೋಡಿ. ಇಲ್ಲಿ ಕೆಲಸ, ಬಿಡುವು, ಮದುವೆ, ಸಾಲ ಎಲ್ಲವನ್ನೂ ನಡೆಸುವುದು ಮಳೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿತ್ತೋ ಇಲ್ಲವೋ ಎಂಬುದರ ಮೇಲೆ ವರ್ಷದ ಲೆಕ್ಕ ನಿಂತಿರುತ್ತದೆ. ಜೂನ್‌ನಿಂದ ಮೂರು ತಿಂಗಳು ಹೊರಗೆ ತಲೆ ಹಾಕುವಂತಿಲ್ಲ. ನವೆಂಬರ್ ಬಂತೆಂದರೆ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೋಬಸ್ಟಾ. ಆಗ ಮಾತಿಗೆ ಸಿಗುವವರು ಯಾರೂ ಇಲ್ಲ. ಇನ್ನು ಭಾಷೆ. ತೋಟದ ಲೈನ್‌ಮನೆಗಳಲ್ಲಿ ಕನ್ನಡದ ಜೊತೆಗೆ ತುಳು, ತಮಿಳು ಹಿಂದಿನಿಂದಲೂ ಇದ್ದವು; ಈಚೆಗೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದವರ ಮಾತುಗಳೂ ಸೇರಿವೆ. ಕೆಲವು ವಾರದ ತರಬೇತಿಯಲ್ಲಿ ಇವುಗಳಲ್ಲೊಂದನ್ನು ಕಲಿತು ತನ್ನ ಪಾಠ ಒಪ್ಪಿಸಬಹುದು. ಎದುರಿನವನು ನಕ್ಕರೆ ಯಾಕೆ ನಕ್ಕ, ಹೂಂಗುಟ್ಟಿದರೆ ಒಪ್ಪಿ ಹೂಂಗುಟ್ಟಿದನೋ ಸಾಗಹಾಕಲು ಹೂಂಗುಟ್ಟಿದನೋ ಎಂದು ತಿಳಿಯುವಷ್ಟು ಭಾಷೆಗೆ ಎರಡು ವರ್ಷ ಸಾಲದು. ನೆಟ್ಟ ಕಾಫಿ ಗಿಡವೇ ಮೊದಲ ಫಸಲಿಗೆ ಮೂರು-ನಾಲ್ಕು ವರ್ಷ ತೆಗೆದುಕೊಳ್ಳುತ್ತದೆ. ಅಲ್ಪಾವಧಿಯ ಧರ್ಮಪ್ರಚಾರ ಮುಖ್ಯವಾಗಿ ಪ್ರಚಾರಕನನ್ನೇ ತಿದ್ದುವ ವ್ಯವಸ್ಥೆ. ಹೋದ ಊರು ಅದಕ್ಕೆ ಒದಗುವ ಗರಡಿಮನೆ ಮಾತ್ರ. ನನ್ನ ವಾದ ಇಷ್ಟೇ.

ಈ ವಾದವನ್ನು ಹಾಸನ ಜಿಲ್ಲೆಯ ಚರಿತ್ರೆಯಲ್ಲೇ ಒರೆಗೆ ಹಚ್ಚಬಹುದು, ಏಕೆಂದರೆ ಧರ್ಮದೂತರು ಇಲ್ಲಿಗೆ ಹೊಸಬರಲ್ಲ. ಕ್ಯಾಥೊಲಿಕ್ ಪಾದ್ರಿ ಅಬ್ಬೆ ದ್ಯುಬುವಾ ಫ್ರಾನ್ಸಿನಿಂದ ಹೊರಟು 1792ರಲ್ಲಿ ಭಾರತಕ್ಕೆ ಬಂದಾಗ ಅವನೂ ಇಪ್ಪತ್ತರ ಹರೆಯದವನೇ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಗೆ ಬಂದ. ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಕೂಡಿಸಿ ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ಊರೊಂದನ್ನು ಕಟ್ಟಿದ. ಇಲ್ಲಿನವರಂತೆ ಉಟ್ಟ, ಇಲ್ಲಿನವರಂತೆ ಉಂಡ, ಜನರ ಬಾಯಲ್ಲಿ ದೊಡ್ಡಸ್ವಾಮಿಯವರಾದ. ಸಿಡುಬಿಗೆ ಜೆನ್ನರ್ ಕಂಡುಹಿಡಿದ ಲಸಿಕೆ ಇನ್ನೂ ಹೊಸದಾಗಿದ್ದ, ಅದರ ಹೆಸರೆತ್ತಿದರೆ ಜನ ಹೆದರುತ್ತಿದ್ದ ಕಾಲದಲ್ಲಿ ಮೈಸೂರಿನ ಹಳ್ಳಿಗಳಿಗೆ ಅದನ್ನು ಹೊತ್ತು ನಡೆದವರಲ್ಲಿ ಅವನೂ ಒಬ್ಬ. ಹಿಂದೂಗಳ ಆಚಾರ ವ್ಯವಹಾರಗಳ ಬಗ್ಗೆ ಅವನ ಹೆಸರಿನಲ್ಲಿರುವ ಪ್ರಸಿದ್ಧ ಪುಸ್ತಕದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ ಎರಡು ಸಾವಿರ ವರಹ ಕೊಟ್ಟು ಕೊಂಡಿತು. ಅದರ ಬಹುಭಾಗ ಅವನಿಗಿಂತ ಹಿಂದಿನ ಕೊರ್ದೂ ಎಂಬ ಜೆಸುಯಿಟ್ ಪಾದ್ರಿಯ ಬರಹದಿಂದ ಎತ್ತಿದ್ದೆಂದು 20ನೇ ಶತಮಾನದಲ್ಲಿ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಅವನ ಕೀರ್ತಿಗೆ ಕಾರಣವಾದದ್ದೇ ಅವನದಲ್ಲ. ಅವನದೇ ಆದ ಸಾತಳ್ಳಿಯ ಕೆಲಸವನ್ನು ನೆನೆಯುವವರು ಕಡಿಮೆ.

ಆದರೆ ದ್ಯುಬುವಾನಿಂದ ನಮ್ಮ ಪ್ರಶ್ನೆಗೆ ಸಿಗುವ ನಿಜವಾದ ಸಾಕ್ಷ್ಯ ಬೇರೆ. ಮೂವತ್ತೊಂದು ವರ್ಷ ಇಲ್ಲಿದ್ದು 1823ರಲ್ಲಿ ಹಿಂದಿರುಗಿದವನು ಅದೇ ವರ್ಷ ಭಾರತದ ಕ್ರೈಸ್ತಧರ್ಮದ ಸ್ಥಿತಿಯ ಬಗ್ಗೆ ಪತ್ರಗಳ ಪುಸ್ತಕವೊಂದನ್ನು ಪ್ರಕಟಿಸಿ, ಈಗಿನ ಸನ್ನಿವೇಶದಲ್ಲಿ ಹಿಂದೂಗಳ ಮತಾಂತರ ಆಗದ ಮಾತು ಎಂದು ವಾದಿಸಿದ. ಬೈಬಲನ್ನು ಅವಸರದಲ್ಲಿ ದೇಶಭಾಷೆಗಳಿಗೆ ತಂದವರನ್ನೂ ಟೀಕಿಸಿದ. ಪ್ರಾಟೆಸ್ಟಂಟರು ಕೆರಳಿದರು; ಮರುವರ್ಷವೇ ಉತ್ತರದ ಪುಸ್ತಕಗಳು ಬಂದವು. ಅವನ ತೀರ್ಪು ಸರಿಯೋ ತಪ್ಪೋ, ಅಂಥ ತೀರ್ಪು ಕೊಡುವ ಸ್ಥಿತಿಗೆ ಅವನು ಬಂದದ್ದು ದೊಡ್ಡದು. ಊರು ಅವನನ್ನು ಬದಲಿಸಿತ್ತು, ಕಳಿಸಿದವರಿಗೆ ಹಿತವಾಗದ ಮಾತನ್ನು ಅವನ ಬಾಯಲ್ಲಿ ಆಡಿಸಿತ್ತು. ಎರಡು ವರ್ಷ ಮುಗಿಸಿ ಇಪ್ಪತ್ತು-ಇಪ್ಪತ್ತೊಂದಕ್ಕೆ ಮನೆ ಸೇರಿ ಕಾಲೇಜಿಗೆ ಮರಳುವವನಲ್ಲಿ ಇಂಥ ಬದಲಾವಣೆಗೆ ಆಸ್ಪದವೇ ಕಡಿಮೆ. ಜೊತೆಗಾರನನ್ನು ಬಿಟ್ಟಿರಬಾರದೆಂಬ ನಿಯಮ ಅವನ ಸುರಕ್ಷತೆಗೆ ಒಳ್ಳೆಯದೇ ಇರಬಹುದು, ಆದರೆ ಊರು ಮತ್ತು ಅವನ ನಡುವೆ ಸದಾ ಮೂರನೆಯವನೊಬ್ಬನನ್ನು ನಿಲ್ಲಿಸುವುದೂ ಅದೇ.

1853ನ್ನು ನೋಡಿದರೆ ಈ ಅಂತರ ಇನ್ನೂ ಬಿಚ್ಚಿಕೊಳ್ಳುತ್ತದೆ. ಹಿಂದಿನ ವರ್ಷ ಸಾಲ್ಟ್ ಲೇಕ್‌ನಲ್ಲಿ ನೇಮಕಗೊಂಡ ಮಾರ್ಮನ್ ಪ್ರಚಾರಕರ ತಂಡ ಆ ವರ್ಷ ಕಲ್ಕತ್ತೆಗೆ ಬಂತು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್ ಮದರಾಸಿಗೆ ಹೋದ. ಸುಮಾರು ಒಂದು ವರ್ಷ, ಹೆಚ್ಚಾಗಿ ಇಂಗ್ಲಿಷ್ ಬಲ್ಲವರ ನಡುವೆಯೇ ದುಡಿದು, 1854ರಲ್ಲಿ ಹಡಗು ಹತ್ತಿದ. ಉಳಿದವರೂ ಕೆಲವೇ ವರ್ಷಗಳಲ್ಲಿ ಹೊರಟುಹೋದರು. ಅದೇ 1853ರಲ್ಲಿ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಕರ್ನಾಟಕಕ್ಕೆ ಬಂದ. ವಯಸ್ಸು 21, ಅಂದರೆ ಹೆಚ್ಚುಕಮ್ಮಿ ಇಂದಿನ ಮಾರ್ಮನ್ ಹುಡುಗ ಮನೆಗೆ ಮರಳುವ ವಯಸ್ಸು. ಬೋಧನೆ ಬಿಟ್ಟು ಭಾಷೆಯ ಕಡೆ ವಾಲುತ್ತಾನೆಂದು ಮಿಷನ್ನಿನವರೇ ಗೊಣಗಿದ್ದುಂಟು. ಅವನ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ, ಬಂದಿಳಿದ 41 ವರ್ಷಗಳ ಮೇಲೆ, ಸುಮಾರು 70 ಸಾವಿರ ಪದಗಳೊಂದಿಗೆ. ಪಂಡಿತರು, ಶಾಸ್ತ್ರಿಗಳು, ಸ್ವಾಮಿಗಳು, ಕಮ್ಯುನಿಸ್ಟರು ಎಲ್ಲರೂ ಅದನ್ನು ಬಳಸಿದ್ದಾರೆ; ಬಳಸಲು ಯಾರೂ ಕ್ರೈಸ್ತರಾಗಬೇಕಾಗಿರಲಿಲ್ಲ. ಹಾಸನದ ರೆಡ್‌ಫರ್ನ್ ಆಸ್ಪತ್ರೆಯ ಮಾತೂ ಇದೇ. ವೆಸ್ಲಿಯನ್ ಮಿಷನ್ನಿನವರು 20ನೇ ಶತಮಾನದ ಮೊದಲ ದಶಕದಲ್ಲಿ ಕಟ್ಟಿದ ಆ ಆಸ್ಪತ್ರೆಗೆ ಬಂದವರ ಮತವನ್ನು ಕಾಯಿಲೆ ಕೇಳಲಿಲ್ಲ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ದ್ಯುಬುವಾ ಕಂಪನಿಯ ಪಿಂಚಣಿ ಪಡೆದವನು. ಬಿಳಿಯರ ಆಳ್ವಿಕೆ ಬೆನ್ನಿಗಿದ್ದುದರಿಂದಲೇ ಇವರೆಲ್ಲ ದಶಕಗಟ್ಟಲೆ ಇಲ್ಲಿರಲು ಸಾಧ್ಯವಾಯಿತು. ಇಂದಿನ ವಿದೇಶಿ ಹುಡುಗನಿಗೆ ವೀಸಾದ ತೊಡಕಿದೆ, ಜನರ ಶಂಕೆಯಿದೆ, ಅಧಿಕಾರದ ಆಸರೆಯಿಲ್ಲ. ಬಾಗಿಲು ಮುಚ್ಚಿದರೆ ತಲೆತಗ್ಗಿಸಿ ಮುಂದಿನ ಮನೆಗೆ ಹೋಗುವವನು. ಹಾಗಿರುವಾಗ ವಸಾಹತುಕಾಲದ ಪಾದ್ರಿಯನ್ನು ಹೊಗಳಿ ಇವನನ್ನು ತೆಗಳುವುದು ನ್ಯಾಯವೇ? ಅರ್ಧ ಒಪ್ಪಬೇಕಾದ ಮಾತು. ದೀರ್ಘಕಾಲ ಇದ್ದಮಾತ್ರಕ್ಕೆ ಯಾರೂ ನಿರ್ದೋಷಿಯಾಗುವುದಿಲ್ಲ. ಸಕಲೇಶಪುರದ ಸುತ್ತಲಿನ ಮಂಜರಾಬಾದಿನ ಗುಡ್ಡಗಳಲ್ಲಿ 1840ರ ದಶಕದಿಂದ ಕಾಫಿ ತೋಟ ಮಾಡಿಕೊಂಡು ಬಹುಕಾಲ ಬೀಡುಬಿಟ್ಟ ಬಿಳಿಯ ದೊರೆಗಳೂ ಇದ್ದರು, ಅವರಿದ್ದದ್ದು ಊರಿನ ಹಿತಕ್ಕಲ್ಲ. ಆದರೆ ಆಕ್ಷೇಪ ಹೇಳುವುದು ಅವರು ಹೇಗೆ ಇರಲು ಸಾಧ್ಯವಾಯಿತು ಎಂದು. ಇದ್ದು ಏನು ಮಾಡಿದರು ಎಂಬುದು ಬೇರೆಯ ಪ್ರಶ್ನೆ. ಅಧಿಕಾರವಿಲ್ಲದ ಬಡಪಾಯಿ ಪ್ರಚಾರಕನ ವಿನಯ ಅಧಿಕಾರವಿದ್ದವನ ಅಹಂಕಾರಕ್ಕಿಂತ ಎಷ್ಟೋ ವಾಸಿ. ಅವನ ವಿನಯದಿಂದ ಊರಿಗೆ ಏನು ದಕ್ಕಿತೆಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಇನ್ನೊಂದು ಆಕ್ಷೇಪ ನಮ್ಮೊಳಗಿನದೇ. ಜಂಗಮ ಒಂದು ಕಡೆ ನಿಲ್ಲಬಾರದು. ಶ್ರವಣಬೆಳಗೊಳಕ್ಕೆ ಬರುವ ಜೈನ ಮುನಿ ಚಾತುರ್ಮಾಸ್ಯದ ಹೊರತು ಬೀಡುಬಿಡಬಾರದು. ಹಾಗಿದ್ದರೆ ಸ್ವಲ್ಪಕಾಲ ಇದ್ದು ಹೋಗುವುದನ್ನೇ ದೋಷವೆನ್ನುವುದು ಹೇಗೆ? ದೋಷವಲ್ಲ. ಜಂಗಮ ಇಡೀ ಬದುಕನ್ನೇ ತಿರುಗಾಟಕ್ಕೆ ಕೊಟ್ಟವನು, ಎರಡು ವರ್ಷವನ್ನಲ್ಲ. ಅವನ ಮಾತು ಕೇಳುವವರ ಮಾತೇ ಆಗಿತ್ತು. ಅವನ ಊಟ ಅವರು ಹಾಕಿದ ಊಟ. ತನ್ನೂರಿಂದ ಹಣ ತರಿಸಿಕೊಂಡು, ಕಳಿಸಿದವರ ಗಡಿಯಾರಕ್ಕೆ ಬದುಕುವವನನ್ನು ಅವನ ಪಕ್ಕದಲ್ಲಿ ನಿಲ್ಲಿಸಲಾಗದು.

ಹಾಗಾದರೆ ಹರೆಯದವರಿಗೆ ಶಿಸ್ತು, ಹೊಣೆ, ತಿರಸ್ಕಾರ ಸಹಿಸುವ ಶಕ್ತಿ ಕಲಿಸುವುದು ಕೆಟ್ಟದ್ದೇ ಎಂದು ಯಾರಾದರೂ ಕೇಳಬಹುದು. ಕೆಟ್ಟದ್ದಲ್ಲ, ನಮ್ಮಲ್ಲಿ ಅದರ ಬರವೇ ಇದೆ. ಹಾಸನ ಜಿಲ್ಲೆಯ ಮಾವಿನಕೆರೆಯದೂ ಸೇರಿದಂತೆ ದೇಶದ ನವೋದಯ ಶಾಲೆಗಳಲ್ಲಿ ಒಂಬತ್ತನೇ ತರಗತಿಯ ಕೆಲವು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ಶಾಲೆಗೆ ಕಳಿಸುವ ಪದ್ಧತಿಯಿದೆ. ಮಾರ್ಮನ್ ಹುಡುಗನಿಗಿಂತ ನಾಲ್ಕು ವರ್ಷ ಚಿಕ್ಕವರು, ಮನೆ ಬಿಟ್ಟು, ಗೊತ್ತಿಲ್ಲದ ಊಟ ಉಂಡು, ಅಲ್ಲಿನ ಭಾಷೆ ಕಲಿತು ಬರುತ್ತಾರೆ. ಅವರು ಅಲ್ಲಿಯವರನ್ನು ಉದ್ಧಾರ ಮಾಡಲು ಹೋದರೆಂದು ಯಾರೂ ತಿಳಿಯುವುದಿಲ್ಲ, ಅವರೂ ತಿಳಿಯುವುದಿಲ್ಲ. ಕಲಿಯಲು ಹೋದವರಿಗೆ ಊರು ಕಲಿಸುತ್ತದೆ. ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಹೋದವರಿಗೆ ಊರಿನ ಪ್ರಶ್ನೆಗಳು ಕೇಳಿಸುವುದು ಕಷ್ಟ.

ಕಾನೂನು ತಂದು ಇದನ್ನು ಬಗೆಹರಿಸಬಹುದೆಂದು ನಂಬುವವರ ಜೊತೆ ನಾನಿಲ್ಲ. ನಂಬಿಕೆಯನ್ನು ಹೇಳುವ, ಕೇಳುವ, ಒಲ್ಲೆನೆನ್ನುವ ಹಕ್ಕು ಎಲ್ಲರಿಗೂ ಇದೆ. ಪೊಲೀಸರು ಅದರ ನಡುವೆ ಬರುವುದರಿಂದ ಯಾವ ಧರ್ಮವೂ ಉದ್ಧಾರವಾಗಿಲ್ಲ. ನಾನು ಹೇಳುತ್ತಿರುವುದು ಕಳಿಸುವವರಿಗೆ. ಮಾರ್ಮನ್ ಚರ್ಚಿಗಷ್ಟೇ ಅಲ್ಲ, ಕರಾವಳಿಯಿಂದ ಜರ್ಮನಿಗೆ, ಆಫ್ರಿಕಕ್ಕೆ ಪಾದ್ರಿಗಳನ್ನೂ ಸಿಸ್ಟರುಗಳನ್ನೂ ಕಳಿಸುವ ನಮ್ಮ ಧರ್ಮಪ್ರಾಂತ್ಯಗಳಿಗೆ, ಮಲೆನಾಡಿನ ಹಾಡಿಗಳಿಗೆ ತರುಣರನ್ನು ಅಟ್ಟುವ ನಮ್ಮ ಮಠಗಳಿಗೆ, ಸಂಘಗಳಿಗೆ ಕೂಡ ಇದೇ ಮಾತು. ಮೊದಲ ವರ್ಷ ಪ್ರಚಾರ ಬೇಡ. ಆ ಊರಿನ ಭಾಷೆ ಕಲಿಯಲಿ, ಅಲ್ಲಿನ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ತೋಟದಲ್ಲೋ ಬೇರೆಯವರ ಕೈಕೆಳಗೆ ದುಡಿಯಲಿ, ಒಬ್ಬನೇ ಓಡಾಡಲಿ. ಆಮೇಲೂ ಹೇಳುವುದು ಉಳಿದಿದ್ದರೆ ಹೇಳಲಿ, ಕೇಳುವ ತಾಳ್ಮೆ ಊರಿಗೂ ಇರಲಿ.